ಚಂದ್ರನ ನೆಲೆಯ ಮೇಲೆ ಬರುವ ದಾರಿ

ಅಪಘಾತವಾದ ಮೇಲೆ ನನ್ನನ್ನು ಮನೆಗೆ ಕಳಿಸಿದರು. ವಿಚಾರಣೆ ಮುಗಿಯುವವರೆಗೆ ಸ್ಟಿಯರಿಂಗ್ ಮುಟ್ಟುವಂತಿಲ್ಲ, ಇದನ್ನು ಶಿಕ್ಷೆ ಎಂದು ತಿಳಿಯಬೇಡ ಎಂದು ಡಿಪೊದಲ್ಲಿ ಸಮಾಧಾನ ಹೇಳಿದರು. ನಾನು ಹ್ಞೂಂ ಎಂದು ಖಾಕಿ ಅಂಗಿಯಲ್ಲೇ ನಡೆದು ಬಂದೆ.

ನಾನು ಸರಕಾರಿ ಬಸ್ಸಿನ ಚಾಲಕ. ರೋಣದಲ್ಲಿ ಮನೆ. ನರಗುಂದ, ಬೆಳವಣಕಿ, ಸವಡಿ, ಗಜೇಂದ್ರಗಡ ಎಂದು ಈ ಸುತ್ತಿನ ರಸ್ತೆಗಳ ಮೇಲೆಯೇ ಅರ್ಧ ಆಯುಷ್ಯ ಕಳೆದಿದ್ದೇನೆ. ಅಂದು ಗಜೇಂದ್ರಗಡಕ್ಕೆ ಹೊರಟಿದ್ದೆ. ಬೆಳಗಿನ ಹೊತ್ತು, ರಸ್ತೆ ಖಾಲಿ, ಎರಡೂ ಕಡೆ ಹೆಸರು ಬಿತ್ತಿದ ಹೊಲ. ಒಂದು ಕ್ರಾಸಿನಲ್ಲಿ ಒಳಹಳ್ಳಿಯ ದಾರಿಯಿಂದ ಬೈಕೊಂದು ಬರುವುದು ಕಂಡಿತು. ರಸ್ತೆಯ ಅಂಚಿಗೆ ಬಂದು ನಿಲ್ಲುತ್ತಾನೆ ಎಂದುಕೊಂಡೆ. ಅವನು ನಿಲ್ಲಲಿಲ್ಲ. ಬ್ರೇಕಿನ ಮೇಲೆ ಕಾಲಿಟ್ಟೆ. ಕಾಲಿಟ್ಟ ಮೇಲೂ ಬಸ್ಸು ಒಂದಷ್ಟು ದೂರ ಹೋಗಿಯೇ ಹೋಗುತ್ತದೆ. ಬೈಕಿನವನು ಇನ್ನೂ ಸಣ್ಣ ವಯಸ್ಸಿನವನು. ದವಾಖಾನೆಗೆ ಒಯ್ಯುವಾಗ ದಾರಿಯಲ್ಲೇ ತೀರಿಕೊಂಡ.

ತಪ್ಪು ನನ್ನದಲ್ಲ ಎಂದು ಎಲ್ಲರೂ ಹೇಳಿದರು. ಬಸ್ಸಿನಲ್ಲಿದ್ದ ಪ್ರಯಾಣಿಕರು ಹೇಳಿದರು, ಪಂಚನಾಮೆ ಮಾಡಿದ ಪೊಲೀಸರು ಹೇಳಿದರು, ಆ ಹಳ್ಳಿಯ ಹಿರಿಯರೊಬ್ಬರೂ ಹೇಳಿದರಂತೆ. ಅವರು ಹೇಳುವುದು ಖರೇ ಎಂದು ನನಗೂ ಗೊತ್ತಿತ್ತು. ಆದರೆ ಆ ಮಾತು ಕಿವಿಯ ತನಕ ಬಂದು ಅಲ್ಲೇ ನಿಂತುಬಿಡುತ್ತಿತ್ತು. ಅಳು ಬರಲಿಲ್ಲ. ಅಂಜಿಕೆ ಆಗಲಿಲ್ಲ. ನಿದ್ದೆ ಕೂಡ ಸರಿಯಾಗಿಯೇ ಬರುತ್ತಿತ್ತು. ಒಂದು ಮಧ್ಯಾಹ್ನ ನಾನು ಉಂಡೆದ್ದ ಮೇಲೆ ಹೆಂಡತಿ ತಟ್ಟೆ ಹಾಕಿಕೊಂಡು ಕುಳಿತಳು. ಮೊದಲ ತುತ್ತಿಗೇ ನನ್ನ ಕಡೆ ನೋಡಿದಳು.

"ಪಲ್ಯಾಕ್ಕ ಉಪ್ಪ ಹಾಕಿಲ್ಲಲ್ರಿ. ಹೇಳಬಾರದೇನು?"

ನನಗೆ ಗೊತ್ತೇ ಆಗಿರಲಿಲ್ಲ. ಆಕೆ ಉಪ್ಪಿನ ಡಬ್ಬಿ ತರಲು ಎದ್ದಳು.

ನಮಗೆ ಒಬ್ಬಳೇ ಮಗಳು. ಪದವಿ ಕಾಲೇಜಿನಲ್ಲಿ ಭೌತಶಾಸ್ತ್ರ ಓದುತ್ತಾಳೆ. ಕಾಲೇಜಿನಿಂದ ಬಂದವಳೇ ಪಡಸಾಲೆಯಲ್ಲಿ ಲ್ಯಾಪ್‌ಟಾಪ್ ತೆರೆದು ಬಾಹ್ಯಾಕಾಶ ನೌಕೆ ಹಾರಿಸುತ್ತ ಕೂಡುವುದು ಆಕೆಯ ರೂಢಿ. ಅದನ್ನು ಆಟ ಎಂದರೆ ಸಿಟ್ಟು. ಸಿಮ್ಯುಲೇಟರ್ ಅನ್ನಬೇಕು. ಭೂಮಿ, ಚಂದ್ರ, ಅವುಗಳ ಸೆಳೆತ, ನೌಕೆಯ ತೂಕ, ಇಂಧನ ಎಲ್ಲವೂ ಅದರಲ್ಲಿ ನಿಜದಲ್ಲಿ ಇರುವ ಹಾಗೆಯೇ ಇವೆಯಂತೆ. ನಾನು ಅದೇ ಪಡಸಾಲೆಯ ಮಂಚದ ಮೇಲೆ ಮಲಗಿರುತ್ತಿದ್ದೆ. ತಲೆಯನ್ನು ಬೇರೆ ಕಡೆ ಹೊರಳಿಸುವ ಮನಸ್ಸೂ ಇಲ್ಲದ್ದರಿಂದ ಅದನ್ನೇ ನೋಡುತ್ತಿದ್ದೆ.

ಆಗ ಆಕೆ ಚಂದ್ರನ ಮೇಲಿರುವ ಒಂದು ನೆಲೆಯ ನೆತ್ತಿಗೆ ನೌಕೆಯನ್ನು ತರಲು ಹೆಣಗುತ್ತಿದ್ದಳು. ಸಿಮ್ಯುಲೇಟರ್ ಮಾಡಿದವರು ಅಲ್ಲಿ ಇಳಿದಾಣ, ಟ್ಯಾಂಕುಗಳು, ಗುಮ್ಮಟದಂಥ ಮನೆಗಳನ್ನು ಬರೆದಿಟ್ಟಿದ್ದರು. ಚಂದ್ರನನ್ನು ಮುಟ್ಟುವುದು ಆಕೆಗೆ ಕಷ್ಟವಿರಲಿಲ್ಲ. ಸುತ್ತು ಹಾಕುವುದೂ ಬರುತ್ತಿತ್ತು. ಆದರೆ ಪ್ರತಿ ಸುತ್ತಿನಲ್ಲೂ ನೆಲೆ ಎಲ್ಲೋ ದೂರ ಬದಿಗೆ ಉಳಿಯುತ್ತಿತ್ತು.

"ಊರ ಯಾಕ ಬಾಜೂಕ ಉಳೀತೈತಿ?" ಎಂದು ಒಂದು ದಿನ ಕೇಳಿದೆ.

ಆಕೆ ತಿರುಗಿ ನೋಡಿದಳು. ಬಹಳ ದಿನಗಳ ಮೇಲೆ ನಾನಾಗಿ ಕೇಳಿದ ಮೊದಲ ಮಾತು ಅದು ಎಂದು ಆಮೇಲೆ ಹೆಂಡತಿ ಹೇಳಿದಳು. ಮಗಳು ಮಾತ್ರ ಏನನ್ನೂ ತೋರಗೊಡದೆ ಎದ್ದು ಹೋಗಿ ಒಂದು ಪೇರಲ ಹಣ್ಣು ತಂದಳು. ಜಡೆಯ ರಬ್ಬರು ಬಿಚ್ಚಿ ಹಣ್ಣಿಗೆ ಓರೆಯಾಗಿ ಸುತ್ತಿದಳು. ದೇವರ ಜಗುಲಿಯಿಂದ ಕುಂಕುಮ ತಂದು ಹಣ್ಣಿನ ಮೇಲೆ ಒಂದು ಬೊಟ್ಟಿಟ್ಟಳು.

"ಇದು ಚಂದ್ರ ಅನಕೋ. ಬೊಟ್ಟ ಐತೆಲ್ಲಾ, ಅದು ಬೇಸು, ನೀ ಅಂದ ಊರು. ರಬ್ಬರ ನಮ್ಮ ಗಾಡಿ ಸುತ್ತೋ ದಾರಿ. ದಾರಿ ಇದ್ದಲ್ಲೇ ಇರ್ತೈತಿ ಅಪ್ಪಾ. ಚಂದ್ರ ಒಳಗ ಸಾವಕಾಶ ತಿರಗತೈತಿ."

ರಬ್ಬರನ್ನು ಎರಡು ಬೆರಳಿನಿಂದ ಹಿಡಿದು ಹಣ್ಣನ್ನು ಮೆಲ್ಲಗೆ ತಿರುಗಿಸಿದಳು. ಬೊಟ್ಟು ಸರಿಯುತ್ತ ಬಂದು ರಬ್ಬರಿನ ಕೆಳಗೆ ಹಾದು ಆಚೆ ಹೋಯಿತು.

"ಹಂಗಾರ ಅದು ಕೆಳಗ ಬರೂತನಾ ಕಾಯೂದು."

"ಕಾಯಬಹುದು. ವಾರಗಟ್ಟಲೆ ಅಲ್ಲೇ ಸುತ್ತಕೋತ ಕುಂದರಬೇಕು. ಇಲ್ಲಾಂದ್ರ ಅಲ್ಲಿ ಹೋಗಿ ದಾರೀನ ತಿರುಗಿಸಬೇಕು. ಅದಕ್ಕ ಇಂಧನ ಸಾಲೂದಿಲ್ಲ."

"ಮತ್ತ?"

"ಇಲ್ಲಿಂದ ಬಿಡೂ ಮುಂದಾನ ಲೆಕ್ಕಾ ಹಾಕಬೇಕು. ನಾವು ಮುಟ್ಟೂದು, ಬೇಸು ದಾರಿ ಕೆಳಗ ಬರೂದು, ಎರಡೂ ಒಂದ ಹೊತ್ತಿಗೆ ಕೂಡಬೇಕು. ನಂಗ ಅದ ಕೂಡವಲ್ದು."

ಮರುದಿನದಿಂದ ನಾನು ಮಂಚ ಬಿಟ್ಟು ಆಕೆಯ ಪಕ್ಕದಲ್ಲಿ ಕೂಡತೊಡಗಿದೆ. ಲೆಕ್ಕವೆಲ್ಲ ಆಕೆಯದೇ. ಸೂತ್ರ ನನಗೆ ತಿಳಿಯುವುದಿಲ್ಲ. ಪರದೆಯ ನಕಾಶೆಯಲ್ಲಿ ಭೂಮಿಯಿಂದ ಹೊರಟ ಹಸಿರು ಗೆರೆ ನಮ್ಮ ದಾರಿ, ಬೂದು ಗೆರೆ ಚಂದ್ರನದು. ಹೊರಡುವ ಹೊತ್ತನ್ನು ಆಕೆ ಹೇಳಿದ ಹಾಗೆ ನಾನು ಹಿಂದೆ ಮುಂದೆ ಸರಿಸುತ್ತಿದ್ದೆ. ಹಸಿರು ಗೆರೆಯ ತುದಿ ಚಂದ್ರನ ಹತ್ತಿರ ಒಮ್ಮೆ ಮೇಲಿನಿಂದ, ಒಮ್ಮೆ ಕೆಳಗಿನಿಂದ ಬಾಗುತ್ತಿತ್ತು. ಮೊದಮೊದಲು ನಾನು ಚಂದ್ರ ಕಾಣುವ ಕಡೆಗೇ ಗೆರೆಯನ್ನು ಎಳೆದೆ.

"ಈಗ ಇರೂ ಕಡೆ ಗುರಿ ಇಡಬ್ಯಾಡಪಾ," ಎಂದಳು. "ನಾವು ಮುಟ್ಟೂ ಹೊತ್ತಿಗೆ ಎಲ್ಲಿರ್ತಾನ, ಅಲ್ಲಿಗಿಡು."

ಗಾಡಿ ಹೊಡೆಯುವವನು ದಿನವೆಲ್ಲ ಮಾಡುವುದು ಅದನ್ನೇ. ಎದುರಿನ ಲಾರಿ ಎಲ್ಲಿಗೆ ಬರುತ್ತದೆ, ಮುಂದಿನ ಚಕ್ಕಡಿ ಎಷ್ಟು ಸರಿಯುತ್ತದೆ, ಕುರಿ ಹಿಂಡು ಯಾವ ಕಡೆ ತಿರುಗುತ್ತದೆ ಎಂದು ಕಣ್ಣು ತಾನಾಗಿ ಅಂದಾಜು ಹಾಕುತ್ತಿರುತ್ತದೆ. ಆವತ್ತಿನ ಕ್ರಾಸಿನಲ್ಲೂ ಹಾಕಿತ್ತು.

ದಾರಿಯ ನಡುವೆ ಒಂದು ಸಣ್ಣ ತಿದ್ದುಪಡಿ ಬೇಕು ಎಂಬುದನ್ನು ಮಗಳು ಎಲ್ಲೋ ಓದಿ ತಿಳಿದುಕೊಂಡಳು. ಚಂದ್ರ ಇನ್ನೂ ದೂರವಿರುವಾಗಲೇ ನೌಕೆಯನ್ನು ಬದಿಗೆ ಒಂದಿಷ್ಟು ನೂಕಿದರೆ, ಅಲ್ಲಿ ಮುಟ್ಟುವಾಗ ಸುತ್ತಿನ ದಾರಿಯೇ ಬೇರೆ ಓರೆಗೆ ಬಂದಿರುತ್ತದೆ. ಹತ್ತಿರ ಹೋದ ಮೇಲೆ ಅಷ್ಟೇ ಬದಲಾವಣೆಗೆ ಇಡೀ ಟ್ಯಾಂಕು ಸಾಲದು. ಇದು ಗೊತ್ತಾದ ಮೇಲೆ ಎಲ್ಲ ಒಂದು ಹದಕ್ಕೆ ಬಂತು. ಹೊರಡುವ ಹೊತ್ತು, ನಡುವಿನ ನೂಕು, ಚಂದ್ರನ ಹಿಂಬದಿಯಲ್ಲಿ ನೌಕೆಯನ್ನು ಹಿಮ್ಮುಖ ತಿರುಗಿಸಿ ಎಂಜಿನ್ ಉರಿಸಿ ವೇಗ ಇಳಿಸುವ ಹೊತ್ತು, ಮೂರನ್ನೂ ಆಕೆ ಗೊತ್ತುಮಾಡಿದಳು.

"ಗಾಡಿ ನೀ ಹೊಡಿ," ಎಂದು ಲ್ಯಾಪ್‌ಟಾಪನ್ನು ನನ್ನ ಮುಂದೆ ಸರಿಸಿದಳು.

ಒಂದು ಭಾನುವಾರ ಮಧ್ಯಾಹ್ನ ಹೊರಟೆವು. ಹೆಂಡತಿ ಅಂಗಳದಲ್ಲಿ ಮೆಣಸಿನಕಾಯಿ ಹರವುತ್ತಿದ್ದಳು. ದಾರಿಯ ದಿನಗಳನ್ನು ಮಗಳು ಬೇಗ ಬೇಗ ಓಡಿಸಿದಳು. ನಡುವಿನ ನೂಕು ಸರಿಹೋಯಿತು. ಚಂದ್ರ ದೊಡ್ಡದಾಗುತ್ತ ಬಂದು ಪರದೆ ತುಂಬಿತು. ಹಿಂಬದಿಗೆ ಹೋದೆವು. ಅಲ್ಲಿ ಎಂಜಿನ್ ಉರಿಸಬೇಕು. ಉರಿಸದಿದ್ದರೆ ನೌಕೆ ನಿಲ್ಲದೆ ದಾಟಿ ಹೋಗುತ್ತದೆ.

"ಈಗ ಒತ್ತಪಾ," ಎಂದಳು.

ನನ್ನ ಬೆರಳು ಗುಂಡಿಯ ಮೇಲೆಯೇ ಇತ್ತು. ಒತ್ತಲಿಲ್ಲ. ಒತ್ತಬಾರದು ಎಂದೇನೂ ನನ್ನ ಮನಸ್ಸಿನಲ್ಲಿ ಇರಲಿಲ್ಲ. ಆ ಬೆರಳು ಬೇರೆ ಯಾರದೋ ಆಗಿತ್ತು.

"ಅಪ್ಪಾ, ಒತ್ತು."

ಚಂದ್ರನ ಅಂಚು ಜಾರಿತು. ಕುಳಿಗಳು ಹಿಂದೆ ಸರಿದವು. ಸ್ವಲ್ಪ ಹೊತ್ತಿಗೆ ಚಂದ್ರ ಬೆನ್ನ ಹಿಂದೆ ಬಿದ್ದು ಸಣ್ಣದಾಗತೊಡಗಿತು. ಇಬ್ಬರೂ ಅದನ್ನೇ ನೋಡುತ್ತ ಕುಳಿತೆವು.

"ಕಾಲಿಟ್ಟಿದ್ದೆ ಯವ್ವಾ," ಎಂದೆ.

"ಯಾವುದರ ಮ್ಯಾಲಪಾ?"

"ಬ್ರೇಕಿನ ಮ್ಯಾಲ. ಆವತ್ತು. ಪೂರಾ ಒತ್ತಿದ್ದೆ."

"ಗೊತ್ತೈತಿ."

"ಒತ್ತಿದ್ರೂ ಗಾಡಿ ಹೋತು."

ಅಂಗಳದಿಂದ ಒಳಗೆ ಬರುತ್ತಿದ್ದ ಹೆಂಡತಿ ಬಾಗಿಲಲ್ಲೇ ನಿಂತಳು. ಆಮೇಲೆ ಸೆರಗಿನಿಂದ ಕೈ ಒರೆಸಿಕೊಳ್ಳುತ್ತ ಅಡುಗೆಮನೆಗೆ ಹೋದಳು. ಮಗಳು ನನಗೆ ಧೈರ್ಯದ ಮಾತು ಹೇಳಲಿಲ್ಲ. ಹೇಳಿದ್ದರೂ ಅದು ಕಿವಿಯಲ್ಲೇ ನಿಲ್ಲುತ್ತಿತ್ತು. ಪರದೆಯ ಕಡೆ ನೋಡುತ್ತಲೇ ಕೇಳಿದಳು:

"ಮತ್ತ ಮೊದಲಿಂದ ಹಾಕಲೇನು?"

"ಹಾಕು," ಎಂದೆ.

ಸಿಮ್ಯುಲೇಟರಿನ ದಿನಗಳು ಮುಂದೆ ಸರಿದಿದ್ದರಿಂದ ಹೊರಡುವ ಹೊತ್ತು ಬದಲಾಗಿತ್ತು. ಚಂದ್ರನೂ ಜಾಗ ಬದಲಿಸಿದ್ದ. ಆದ್ದರಿಂದ ಎಲ್ಲ ಲೆಕ್ಕವನ್ನೂ ಹೊಸದಾಗಿ ಹಾಕಬೇಕಾಯಿತು. ಆ ವಾರವೆಲ್ಲ ಅದರಲ್ಲೇ ಹೋಯಿತು. ನಡುವೆ ಒಂದು ದಿನ ಇಬ್ಬರೂ ಸೇರಿ ತಪ್ಪು ಓರೆ ಹಿಡಿದು, ಚಂದ್ರನ ನೆಲಕ್ಕೇ ಹೊಡೆಯುವ ದಾರಿ ಹಾಕಿದ್ದೆವು. ಅದನ್ನು ಕಂಡು ಮಗಳು ನಕ್ಕಳು. ನಗಬೇಕು ಎಂದು ನನಗೂ ತಿಳಿಯಿತು, ನಗು ಬರಲಿಲ್ಲ.

ಎರಡನೆಯ ಸಲ ಬೆರಳು ಒತ್ತಿತು. ಹೇಗೆ ಒತ್ತಿತು ಎಂದು ಕೇಳಿದರೆ ಹೇಳಲಾರೆ. ಎಂಜಿನ್ ಉರಿಯುತ್ತ ವೇಗದ ಅಂಕಿ ಇಳಿಯುತ್ತ ಬಂತು. ಮಗಳು ಅಂಕಿಯನ್ನೇ ನೋಡುತ್ತಿದ್ದಳು. "ಬಿಡು" ಎಂದಾಗ ಬಿಟ್ಟೆ. ಹಸಿರು ಗೆರೆ ಚಂದ್ರನ ಸುತ್ತ ಉಂಗುರವಾಗಿ ಕೂಡಿಕೊಂಡಿತು.

ಕತ್ತಲ ಬದಿ ದಾಟಿ ಬೆಳಕಿಗೆ ಬಂದೆವು. ಬೂದಿಯ ಬಣ್ಣದ ನೆಲ. ಗುಡ್ಡ, ಕುಳಿ, ಮತ್ತೆ ಕುಳಿ. ಆಮೇಲೆ ಅಂಚಿನಲ್ಲಿ ಒಂದು ಚುಕ್ಕೆ ಹೊಳೆಯಿತು. ಚುಕ್ಕೆ ಬೆಳೆದು ಇಳಿದಾಣವಾಯಿತು, ಅದರ ಪಕ್ಕದ ಟ್ಯಾಂಕುಗಳಾಯಿತು. ಕಿಟಕಿಯ ನೇರ ಕೆಳಗೆ, ಒಂದಿಷ್ಟು ಎಡಕ್ಕೆ, ಅದು ನಿಧಾನವಾಗಿ ಹಾದುಹೋಯಿತು.

"ಬಂದ್ವಿ," ಎಂದಳು ಮಗಳು, ಮೆಲ್ಲಗೆ.

ಸಂತೋಷವಾಯಿತೇ ಎಂದರೆ, ಗೊತ್ತಿಲ್ಲ. ಇಳಿಸೋಣವೇ ಎಂದು ಕೇಳಿದಳು. ಬೇಡ, ಸ್ವಲ್ಪ ಹೊತ್ತು ಹೀಗೇ ಸುತ್ತಲಿ ಎಂದೆ. ಹೆಂಡತಿ ಚಹಾ ತಂದವಳು ಬಗ್ಗಿ ಪರದೆ ನೋಡಿದಳು.

"ಅಲ್ಲಿ ಮಂದಿ ಅದಾರೇನ್ರಿ?"

"ಇಲ್ಲಬೇ, ಬರೇ ಮನಿ ಬರದಾರ," ಎಂದು ಮಗಳು ಹೇಳಿದಳು.

"ಮತ್ತ ಯಾರನ್ನ ನೋಡಾಕ ಇಷ್ಟ ದಿನಾ ಬಡದಾಡಿದ್ರಿ?"

ಆಕೆ ಕಪ್ಪುಗಳನ್ನು ಇಟ್ಟು, ತಾನೂ ಒಂದು ಸುತ್ತು ನೋಡುವವರೆಗೆ ಅಲ್ಲೇ ನಿಂತಿದ್ದಳು.

ಕೆಲವು ದಿನಗಳಲ್ಲಿ ವಿಚಾರಣೆ ಮುಗಿದು ಕೆಲಸಕ್ಕೆ ಕರೆ ಬಂತು. ಬೇಕಾದರೆ ಡಿಪೊದ ಒಳಗೇ ಕೆಲಸ ಕೊಡುತ್ತೇವೆ ಎಂದು ಮೇಲಿನವರು ಕೇಳಿದರು. ಗಾಡಿಯನ್ನೇ ಹೊಡೆಯುತ್ತೇನೆ ಎಂದೆ. ಧೈರ್ಯ ಬಂದಿತ್ತು ಎಂದಲ್ಲ. ಒಳಗೆ ಕುಳಿತರೆ ಮತ್ತೆ ಮಂಚದ ಮೇಲೆ ಮಲಗಿದ ಹಾಗೆಯೇ ಆಗುತ್ತದೆ ಅನಿಸಿತು.

ಮೊದಲ ದಿನವೇ ಗಜೇಂದ್ರಗಡದ ಗಾಡಿ. ಆ ಕ್ರಾಸು ಬಂತು. ವೇಗ ಇಳಿಸಿದೆ. ವಯಸ್ಸಾದ ಹೆಂಗಸೊಬ್ಬಳು ಕೈಮಾಡಿದಳು. ಬಸ್ಸು ನಿಲ್ಲಿಸಿದೆ. ಆಕೆ ಹತ್ತಿ ನನ್ನ ಹಿಂದಿನ ಸೀಟಿನಲ್ಲೇ ಕುಳಿತಳು. ಕಂಡಕ್ಟರ್ ಹುಡುಗಿ ಟಿಕೆಟ್ ಕೊಟ್ಟು ಮುಂದೆ ಬಂದು, ನನ್ನ ಕಿವಿಯ ಹತ್ತಿರ ತಗ್ಗಿದ ದನಿಯಲ್ಲಿ ಹೇಳಿದಳು:

"ಅಣ್ಣಾರ, ಆ ಬೈಕಿನ ಹುಡುಗನ ತಾಯಿ ಅವರು."

ನಾನು ಕನ್ನಡಿಯಲ್ಲಿ ನೋಡಲಿಲ್ಲ. ದೂರದಲ್ಲಿ ಗುಡ್ಡದ ಮೇಲಿನ ಗಾಳಿಯಂತ್ರಗಳು ತಿರುಗುತ್ತಿದ್ದವು. ಅವುಗಳ ಕಡೆಗೆ ಹೋಗುವ ರಸ್ತೆಯ ಮೇಲೆಯೇ ಕಣ್ಣಿಟ್ಟು ಗಜೇಂದ್ರಗಡ ಮುಟ್ಟಿಸಿದೆ. ಎಲ್ಲರೂ ಇಳಿದರು. ಆಕೆ ಕೊನೆಗೆ ಇಳಿದಳು. ಇಳಿದವಳು ನನ್ನ ಕಿಟಕಿಯ ಕೆಳಗೆ ಬಂದು ನಿಂತಳು.

"ಸಂಜಿ ಗಾಡೀನೂ ನೀವ ತರ್ತೀರೇನ್ರಿ?"

"ಹೌದ್ರಿ, ನಾನ ತರ್ತೇನಿ."

"ಹಂಗಾರ ಅದಕ್ಕ ಬರ್ತೇನಿ. ಕ್ರಾಸಿಗೆ ನಿಲ್ಲಸರಿ, ಕೆಲವ್ರು ನಿಲ್ಲಸೂದಿಲ್ಲ."

"ನಿಲ್ಲಸ್ತೇನ್ರಿ."

ನಾನು ಯಾರೆಂದು ಆಕೆಗೆ ಗೊತ್ತಿತ್ತೋ ಇಲ್ಲವೋ, ನನಗೆ ಇಂದಿಗೂ ತಿಳಿದಿಲ್ಲ. ಕೇಳುವ ಧೈರ್ಯ ಆಗಲಿಲ್ಲ. ಸಂಜೆ ಆಕೆ ಬಂದಳು, ಕೈಯಲ್ಲಿ ಸಂತೆಯ ಚೀಲ. ಕ್ರಾಸಿನಲ್ಲಿ ನಿಲ್ಲಿಸಿದೆ. ಇಳಿದು ಒಳದಾರಿ ಹಿಡಿದಳು. ಬಾಗಿಲು ಮುಚ್ಚಿದ ಮೇಲೂ ಗಾಡಿ ಬಿಡಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು. ಒಳದಾರಿಯಲ್ಲಿ ಆಕೆ ಮರೆಯಾಗುವವರೆಗೆ ಕಾಲು ಬ್ರೇಕಿನ ಮೇಲೆಯೇ ಇತ್ತು. ಕಂಡಕ್ಟರ್ ಅವಸರ ಮಾಡಲಿಲ್ಲ. ಹಿಂದೆ ಯಾರೋ "ಯಾಕ ನಿಂತೈತಿ?" ಎಂದಾಗ, "ಹೊಂಟೈತ್ರಿ, ಕುಂದರ್ರಿ," ಎಂದಳು.

ಮನೆಗೆ ಬಂದಾಗ ಮಗಳು ಪಡಸಾಲೆಯಲ್ಲಿ ಮೋರೆ ಸಣ್ಣದು ಮಾಡಿಕೊಂಡು ಕುಳಿತಿದ್ದಳು.

"ನೀ ಇಲ್ಲದಾಗ ಗಾಡಿ ಚಂದ್ರನ ಮ್ಯಾಲ ಇಳಿಸಿಬಿಟ್ಟೆ ಅಪ್ಪಾ. ಜೋರ ಬಿತ್ತು. ಒಂದ ಕಾಲ ಮುರದೈತಿ."

ಚಪ್ಪಲಿ ಬಿಟ್ಟು ಕೈಕಾಲು ತೊಳೆದುಕೊಂಡು ಬಂದು ಆಕೆಯ ಪಕ್ಕ ಕುಳಿತೆ.

"ತೋರ್ಸು, ಎಲ್ಲೈತಿ," ಎಂದೆ.