ಬಿರುಕಿನ ಮೇಲೆ ಅಂಟಿಸಿದ ಕಾಗದ

ಇಲ್ಲಿ ನನ್ನ ನೆಲ ಇನ್ನೊಬ್ಬರ ಸೂರು. ಬಿಡದಿಗೆ ಬಂದ ಮೊದಲ ವಾರ, ಕೆಳಗಿನ ಮನೆಯವರು ಖಾರ ಕುಟ್ಟುವುದು ನನ್ನ ಅಂಗಾಲಿಗೆ ತಿಳಿಯುತ್ತಿತ್ತು.

ವಿಜಾಪುರ ಕಡೆಯ ನಮ್ಮ ಮನೆಯದು ಮೊಳಕ್ಕಿಂತ ದಪ್ಪದ ಮಣ್ಣಿನ ಗೋಡೆ. ಅದರಲ್ಲಿ ಗೂಡು ಕೊರೆಯಲು ಅಪ್ಪ ಯಾರನ್ನೂ ಕೇಳಲಿಲ್ಲ. ಇಲ್ಲಿ, ಗಂಡನಿಗೆ ಕಾರು ಕಾರ್ಖಾನೆಯಲ್ಲಿ ಕೆಲಸ ಸಿಕ್ಕ ಮೇಲೆ ಕೊಂಡ ಫ್ಲ್ಯಾಟಿನಲ್ಲಿ, ಅಡುಗೆಮನೆಗೊಂದು ಕಿಟಕಿ ಇಡಿಸುತ್ತೇನೆಂದು ಮಾಲೀಕರ ಸಂಘಕ್ಕೆ ಅರ್ಜಿ ಕೊಟ್ಟೆ. ಕಾರ್ಯದರ್ಶಿ ಶಿವಲಿಂಗಣ್ಣ ನಿಯಮದ ಪುಸ್ತಕ ತೆರೆದು ಬೆರಳಿಟ್ಟರು.

"ಈ ಬಿಲ್ಡಿಂಗ್‌ಗೆ ಪಿಲ್ಲರ್ ಇಲ್ಲ ಕಣಕ್ಕ, ಗೋಡೆ ಮೇಲೇ ನಿಂತೈತೆ. ಮುಟ್ಟಂಗಿಲ್ಲ."

ಕಟ್ಟಡ ಎದ್ದದ್ದು ಅವರ ಹೊಲದಲ್ಲಿ. ಜಮೀನಿನ ಬದಲಿಗೆ ನನ್ನ ಕೆಳಗಿನ ಎರಡು ಮನೆ ಅವರಿಗೂ ತಮ್ಮನಿಗೂ ಬಂದಿದ್ದವು. ಆರು ತಿಂಗಳಾದ ಮೇಲೆ, ಮಾತು ಬಿಟ್ಟಿದ್ದ ಅಣ್ಣತಮ್ಮಂದಿರು ಒಂದಾದರು. ಮರುದಿನವೇ ಕೆಳಗೆ ಸುತ್ತಿಗೆಯ ಸದ್ದು. ಎರಡು ಮನೆಗಳ ನಡುವಿನ ಗೋಡೆ ಒಡೆಯುತ್ತಿದ್ದರು.

"ಅಣ್ಣಾರ, ಗೋಡಿ ಮುಟ್ಟಬಾರದು ಅಂದವರು ನೀವಽ ಅಲ್ರಿ?"

"ಒಸಿ ಒಡೀತೀವಿ ಅಷ್ಟೆಯ. ಹೊಲ ಒಂದಾದ್ರೆ ಬದು ತೆಗೀಯಕ್ಕಿಲ್ವಾ?"

ಒಸಿ ಎಂದರೆ ಸ್ವಲ್ಪ. ಎಷ್ಟು ಸ್ವಲ್ಪವೋ, ನನಗಿನ್ನೂ ಅಳೆಯಲು ಬಾರದು.

"ಇಂಜಿನಿಯರ್ ಬರದು ಕೊಟ್ಟದ್ದು ತೋರಸ್ರಿ. ಮನಿ ಮಾಲೀಕರು ಕೇಳಿದ್ರ ತೋರಸಬೇಕಂತ ನಿಮ್ಮ ಪುಸ್ತಕದಾಗಽ ಐತಿ."

"ಬಾಯಲ್ಲೇ ಹೇಳವ್ರೆ ಬುಡಕ್ಕ."

ಆ ವಾರವೇ ನನ್ನ ಅಡುಗೆಮನೆಯ ಗೋಡೆಯಲ್ಲಿ ಕೂದಲೆಳೆಯಷ್ಟು ಬಿರುಕು ಕಂಡಿತು. ಸಭೆ ಕರೆಸಿದೆ. "ಅದು ಮೊದ್ಲಿಂದ್ಲೂ ಐತೆ," ಎಂದರು ಶಿವಲಿಂಗಣ್ಣ. ಎಲ್ಲರೂ ನನ್ನತ್ತ ನೋಡಿದರು. ಇರಲಿಲ್ಲ ಎನ್ನಬೇಕಿತ್ತು, ಆದರೆ ನನಗೇ ಖಾತ್ರಿಯಿರಲಿಲ್ಲ. ಆ ಗೋಡೆಯನ್ನು ನೆನೆದರೆ ಬಿರುಕು ಇದ್ದಂತೆಯೂ ಕಾಣುತ್ತದೆ, ಇಲ್ಲದಂತೆಯೂ ಕಾಣುತ್ತದೆ. ಅಪ್ಪ ಕೊರೆದ ಗೂಡು ಬಾಗಿಲಿನ ಎಡಕ್ಕಿತ್ತೋ ಬಲಕ್ಕೋ, ಅದೂ ಈಗ ಗೊತ್ತಿಲ್ಲ.

ಹಾಗಾಗಿ ಮೈದಾ ಅಂಟು ಕಾಯಿಸಿ, ಬಿರುಕು ಬೆಳೆದರೆ ಹರಿಯಲೆಂದು ಅದಕ್ಕೆ ಅಡ್ಡಲಾಗಿ ಕಾಗದದ ಪಟ್ಟಿ ಅಂಟಿಸಿ, ತಾರೀಖು ಬರೆದು, ಸಹಿ ಹಾಕಲು ಶಿವಲಿಂಗಣ್ಣನವರನ್ನೇ ಕರೆದೆ.

"ಗೋಡೆಗೂ ಪಹಣಿ ಮಾಡುಸ್ತಿದ್ದೀರಾ?" ನಗುತ್ತಲೇ ಬಿರುಕಿನ ಎರಡೂ ಬದಿಗೆ ಹರಡುವಂತೆ ಸಹಿ ಎಳೆದರು.

ಒಂಬತ್ತನೆಯ ದಿನ ಬೆಳಿಗ್ಗೆ ಕಾಗದ ಸಹಿಯ ನಡುವೆ ಹರಿದಿತ್ತು. ಶಿವಲಿಂಗಣ್ಣ ಬಂದು ನೋಡಿದರು. ಈ ಸಲ ನಗಲಿಲ್ಲ.

"ಇದ್ರ ಕೆಳಗೇ ನಮ್ಮವ್ವ ಮಲಗಾದು," ಎಂದರು.

ಕೆಲಸ ನಿಂತಿತು. ಒಡೆದ ಜಾಗಕ್ಕೆ ಮರದ ಆಸರೆ ಕೊಟ್ಟರು. ಬೇರೆ ಕೋಣೆಗೆ ಹೋಗೆಂದರೆ ಆ ಮುದುಕಿ ಏಳಲಿಲ್ಲ. "ನನ್ ಹೊಲ್ದಾಗೆ ನಾನ್ ಮಲ್ಗಿವ್ನಿ. ನಂಗೇನಾಯ್ತದ್ಲಾ?"

ಊರಿನಿಂದ ನಮ್ಮವ್ವ ಫೋನಿನಲ್ಲಿ, "ಮನಿಗಿ ಬಂದಬಿಡು," ಎನ್ನುತ್ತಾಳೆ. ಯಾವ ಮನೆ ಎಂದು ನಾನು ಕೇಳುವುದಿಲ್ಲ. ಗೋಡೆ ಅದುರೀತೆಂದು ರೊಟ್ಟಿ ಬಡಿಯುವುದು ಬಿಟ್ಟಿದ್ದೇನೆ. ಲಟ್ಟಣಿಗೆಯಲ್ಲಿ ಸದ್ದಿಲ್ಲದೆ ಲಟ್ಟಿಸುತ್ತೇನೆ. ಅದನ್ನು ನಮ್ಮೂರಲ್ಲಿ ಯಾರೂ ರೊಟ್ಟಿ ಎನ್ನುವುದಿಲ್ಲ. ಗೋಡೆಯ ಮೇಲೆ ಈಗ ಎರಡನೆಯ ಕಾಗದವಿದೆ. ಕೆಳಗೆ ಮುದುಕಿ ಕೆಮ್ಮಿದರೆ, ಮೊದಲು ಅದರ ಕಡೆ ನೋಡುತ್ತೇನೆ.