ಮನೆಯಲ್ಲಿ ಹುಳವೇ ಇಲ್ಲ, ಜ್ವರ ಯಾರಿಗೆ?

ಕೊರೊನಾದ ಎರಡನೇ ಅಲೆಯ ವರ್ಷ, ಯುಗಾದಿ ಕಳೆದು ಮೂರು ವಾರವಾಗಿತ್ತು. ನನ್ನ ಯಜಮಾನರಾದ ಮುನಿಯಪ್ಪನವರಿಗೆ ಶುಕ್ರವಾರ ಬೆಳಿಗ್ಗೆ ಮೈ ಬಿಸಿಯಾಯಿತು. ಸೋಮವಾರದ ಹೊತ್ತಿಗೆ ಅವರು ಮಲಗಿದರೆ ಉಸಿರು ಸಿಗುತ್ತಿರಲಿಲ್ಲ. ಗೋಡೆಗೆ ಒರಗಿ ಕೂತು ಉಸಿರಾಡುತ್ತಿದ್ದರು. ನಾನು ಅವರನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಲಿಲ್ಲ. ಏಕೆ ಹೋಗಲಿಲ್ಲ ಎಂಬುದನ್ನು ಮೊದಲು ಹೇಳಬೇಕು.

ಅದಕ್ಕೆ ಹತ್ತು ದಿನ ಮುಂಚೆ ನನ್ನ ವಾಟ್ಸಾಪಿಗೆ ಒಂದು ಧ್ವನಿ ಸಂದೇಶ ಬಂದಿತ್ತು. ಯಾರೋ ಹೆಂಗಸು ಅಳುತ್ತಿದ್ದಳು. "ಆಸ್ಪತ್ರೆಗೆ ಹೋದೋರ್ಯಾರೂ ವಾಪಸ್ ಬರ್ತಿಲ್ಲ. ಏನೇ ಆದ್ರೂ ಮನೇಲೇ ಇರಿ, ಕಷಾಯ ಕುಡೀರಿ" ಎನ್ನುತ್ತಿದ್ದಳು. ಯಾವ ಊರು, ಯಾವ ಆಸ್ಪತ್ರೆ, ಸತ್ತವರು ಯಾರು, ಏನೂ ಇರಲಿಲ್ಲ. ಅಳು ಮಾತ್ರ ಇತ್ತು. ಅಷ್ಟು ಅಳುವವಳು ಸುಳ್ಳು ಹೇಳಲಾರಳು ಎಂದುಕೊಂಡೆ. ಹನ್ನೊಂದು ಜನರಿಗೆ ಅದನ್ನು ಕಳಿಸಿದೆ. ಅವರಲ್ಲಿ ಗೌರಿಬಿದನೂರಿನಲ್ಲಿದ್ದ ನನ್ನ ತಂಗಿಯೂ ಒಬ್ಬಳು. ಅವಳಿಗೆ ಮಾತ್ರ ಕೆಳಗೆ ನನ್ನ ಕೈಯಾರೆ ಬರೆದೆ: "ನೀನೂ ಹೋಗಬೇಡ ಕಣೇ. ಏನೇ ಬಂದ್ರೂ ಮನೇಲೇ ಇರು." ಅವಳು "ಆಯ್ತಕ್ಕ" ಎಂದು ಬರೆದು ಕೈ ಮುಗಿದ ಚಿತ್ರ ಹಾಕಿದಳು.

ನಮಗೆ ಮಕ್ಕಳಿಲ್ಲ. ತಂಗಿಯ ಮಗಳು ಪವಿತ್ರಳನ್ನೇ ಇಬ್ಬರೂ ಮಗಳೆಂದುಕೊಂಡಿದ್ದೆವು. ಅವಳು ಗೌರಿಬಿದನೂರಿನಲ್ಲಿ ಶಾಲೆಯ ಟೀಚರು.

ಹೀಗಾಗಿ ಮೇಲೂರಿನ ನಮ್ಮ ಮನೆಯಲ್ಲಿ ನಾನೂ ಯಜಮಾನರೂ ಇಬ್ಬರೇ ಇದ್ದೆವು. ಪಕ್ಕದವರನ್ನು ಕೂಗಲು ಹೆದರಿಕೆ. ಕೊರೊನಾ ಎಂಬ ಮಾತು ಹೊರಗೆ ಬಿದ್ದರೆ ಬೀದಿಗೆ ಹಗ್ಗ ಕಟ್ಟುತ್ತಾರೆ ಎಂದು ಭಯ. ಸೋಮವಾರ ಮಧ್ಯಾಹ್ನ ಹನ್ನೆರಡರ ಸುಮಾರಿಗೆ ಅವರ ತುಟಿಯ ಬಣ್ಣ ಬದಲಾದದ್ದನ್ನು ಕಂಡೆ. ನನ್ನ ಫೋನಿನಲ್ಲಿ ಕರೆನ್ಸಿ ಇರಲಿಲ್ಲ. ಯಜಮಾನರ ಫೋನು ತೆಗೆದುಕೊಂಡೆ. ಅದರಲ್ಲಿ ರೇಷ್ಮೆ ಬೆಳೆಗಾರರ ಗುಂಪು ಇತ್ತು. ಹುಳ ಸಾಕುವವರು, ಹಿಪ್ಪುನೇರಳೆ ಸೊಪ್ಪು ಮಾರುವವರು, ಗೂಡು ಕೊಂಡು ನೂಲು ತೆಗೆಯುವ ರೀಲರ್‌ಗಳು, ಎಲ್ಲರೂ ಅದರಲ್ಲಿದ್ದರು. ಕೊರೊನಾ ಎಂಬ ಮಾತನ್ನು ಬರೆಯದೆ, ಅವಸರದಲ್ಲಿ ಹೀಗೆ ಬರೆದೆ: "ನಾಲ್ಕನೇ ಜ್ವರ. ಏಳ್ತಾ ಇಲ್ಲ. ಏನ್ ಮಾಡೋದು, ಯಾರಾದ್ರೂ ಹೇಳಿ."

ನಾನು ಬರೆಯಬೇಕಾಗಿದ್ದದ್ದು ನಾಲ್ಕನೇ ದಿನದ ಜ್ವರ ಎಂದು. ದಿನ ಎಂಬುದು ಬಿಟ್ಟುಹೋಯಿತು.

ಹುಳ ಸಾಕದವರಿಗಾಗಿ ಒಂದು ಮಾತು ಹೇಳುತ್ತೇನೆ. ರೇಷ್ಮೆ ಹುಳ ಗೂಡು ಕಟ್ಟುವುದರೊಳಗೆ ನಾಲ್ಕು ಸಲ ಪೊರೆ ಬಿಡುತ್ತದೆ. ಆಗ ಸೊಪ್ಪು ತಿನ್ನದೆ, ತಲೆ ಎತ್ತಿ ಸುಮ್ಮನೆ ಕೂರುತ್ತದೆ. ಅದಕ್ಕೆ ನಮ್ಮ ಕಡೆ ಜ್ವರ ಎನ್ನುತ್ತೇವೆ. ಮೊದಲನೇ ಜ್ವರ, ಎರಡನೇ ಜ್ವರ, ಹೀಗೆ. ಪೊರೆ ಬಿಟ್ಟು ಮತ್ತೆ ಮೇಯಲು ಶುರುಮಾಡಿದರೆ ಜ್ವರ ಎದ್ದಿತು ಎನ್ನುತ್ತೇವೆ. ಸಂದೇಶ ಹೋದದ್ದು ಯಜಮಾನರ ಹೆಸರಿನಲ್ಲಿ. ಗುಂಪಿನವರು ಮುನಿಯಪ್ಪ ಹುಳದ ವಿಷಯ ಕೇಳುತ್ತಿದ್ದಾನೆ ಎಂದುಕೊಂಡರು.

ಮೊದಲನೇ ಉತ್ತರ ಕೂಡಲೇ ಬಂತು. "ತಿನ್ನಕ್ಕೆ ಏನೂ ಹಾಕ್ಬೇಡಿ. ಅಲುಗಾಡಿಸ್ಬೇಡಿ."

ನನ್ನ ಕೈಯಲ್ಲಿ ಗಂಜಿಯ ಬಟ್ಟಲಿತ್ತು. ಕೆಳಗಿಟ್ಟೆ. ಅವರ ಬೆನ್ನಿಗೆ ದಿಂಬು ಸರಿಮಾಡಲು ಹೋದವಳು ಅದನ್ನೂ ಬಿಟ್ಟೆ. ಅಲುಗಾಡಿಸಬೇಡಿ ಎಂದಿದ್ದರಲ್ಲ. ಸುಮಾರು ಒಂದು ಗಂಟೆ ಹಾಗೇ ನೋಡುತ್ತಾ ಕೂತಿದ್ದೆ. ಆಮೇಲೆ ಇನ್ನೆರಡು ಬಂದವು. "ಸುಣ್ಣ ಚೆಲ್ಲಿ, ಬೆಳಗ್ಗೆ ಹೊತ್ತಿಗೆ ಎದ್ದೇಳ್ತವೆ." "ಏನ್ ಮುನಿಯಪ್ಪಣ್ಣ, ಹುಳಾನೂ ನಿನ್ ಥರಾನೇ ಸೋಮಾರಿನಾ?" ಏಳ್ತಾರೆ ಎಂದಿರಲಿಲ್ಲ, ಎದ್ದೇಳ್ತವೆ ಎಂದಿತ್ತು. ಆಗ ನನಗೆ ತಿಳಿಯಿತು. ಒಂದು ಗಂಟೆ ನಾನು ನನ್ನ ಗಂಡನನ್ನು ಹುಳದಂತೆ ನೋಡಿಕೊಂಡಿದ್ದೆ.

ಮತ್ತೆ ಬರೆಯಲು ಕೈ ಬರಲಿಲ್ಲ. ನಮ್ಮೂರ ದೇವತೆ ಗಂಗಮ್ಮನಿಗೆ ಮೊರೆಯಿಡೋಣವೆಂದರೆ ಕೊರೊನಾದಿಂದ ಗುಡಿಯೂ ಮುಚ್ಚಿತ್ತು. ಪೂಜಾರಪ್ಪನವರು ದಿನಾ ಬೆಳಿಗ್ಗೆ ತಾಯಿಯ ಅಲಂಕಾರದ ಫೋಟೋ ಊರಿನ ಗುಂಪಿಗೆ ಹಾಕುತ್ತಿದ್ದರು. ಅದೇ ಫೋನಿನಲ್ಲಿ ಆ ದಿನದ ಫೋಟೋ ತೆರೆದು ಗೋಡೆಗೆ ಒರಗಿಸಿಟ್ಟೆ. ಮುಂದೆ ದೀಪ ಹಚ್ಚಿದೆ. ಫೋನು ಸ್ವಲ್ಪ ಹೊತ್ತಿಗೆ ಕಪ್ಪಾಗುತ್ತಿತ್ತು, ಬೆರಳು ಮುಟ್ಟಿಸಿದರೆ ತಾಯಿ ಮತ್ತೆ ಕಾಣುತ್ತಿದ್ದಳು. ಎಷ್ಟು ಸಲ ಮುಟ್ಟಿಸಿದೆನೋ ಲೆಕ್ಕವಿಲ್ಲ. "ಅಮ್ಮಾ, ನನಗೆ ಬುದ್ಧಿ ಇಲ್ಲ. ಬುದ್ಧಿ ಇರೋರು ಯಾರನ್ನಾದ್ರೂ ಕಳಿಸು" ಎಂದೆ. ಬೇರೇನೂ ಕೇಳಲಿಲ್ಲ.

ಫೋನು ಹೊಡೆದುಕೊಂಡಿತು. ತಾಯಿಯ ಮುಖ ಮರೆಯಾಗಿ ಅದೇ ಜಾಗದಲ್ಲಿ ಬಾಬಾಜಾನ್ ಎಂಬ ಹೆಸರು ಬಂತು. ಬಾಬಾಜಾನ್ ಶಿಡ್ಲಘಟ್ಟದ ರೀಲರ್. ನಮ್ಮ ಗೂಡು ಎಷ್ಟೋ ಸಲ ಕೊಂಡವರು.

"ಅಣ್ಣಾ, ಬುಧವಾರ ನಿಮ್ ಗೂಡು ಪೂರ್ತಿ ನಾನೇ ಎತ್ಕೊಂಡ್ ಬಂದ್ನಲ್ಲ. ಮನೇಲಿ ಹುಳಾನೇ ಇಲ್ಲ, ಜ್ವರ ಯಾರಿಗೆ?"

ನಾನು ಅತ್ತುಬಿಟ್ಟೆ.

"ಅಕ್ಕ, ನೀವಾ? ಅಣ್ಣನಿಗಾ? ಉಸಿರು ಹೆಂಗಿದೆ ಹೇಳಿ."

"ಕೂತೇ ಇದಾರಪ್ಪ. ಮಲಗಕ್ಕಾಗ್ತಿಲ್ಲ."

"ಚಪ್ಪಲಿ ಹಾಕ್ಕೊಂಡು ಬಾಗಿಲಲ್ಲಿರಿ. ನಾನೇ ಬರ್ತೀನಿ."

ಗೂಡಿನ ಕ್ರೇಟ್ ಸಾಗಿಸುವ ಗಾಡಿ ತಂದರು. ರಂಜಾನ್ ಉಪವಾಸ, ತುಟಿ ಒಣಗಿತ್ತು. ಬರುವಾಗಲೇ ಅವರು ಶಿಡ್ಲಘಟ್ಟದವರ ಇನ್ನೊಂದು ಗುಂಪಿನಲ್ಲಿ ಕೇಳಿದ್ದರು. ಯಾವ ಆಸ್ಪತ್ರೆಯಲ್ಲಿ ಆಕ್ಸಿಜನ್ ಹಾಸಿಗೆ ಖಾಲಿ ಇದೆ ಎಂದು ತಿಳಿದುಕೊಂಡು ಬರೆಯುವುದೇ ಆ ಗುಂಪಿನ ಕೆಲಸ. ಚಿಂತಾಮಣಿಯಲ್ಲಿ ಇಲ್ಲ, ಚಿಕ್ಕಬಳ್ಳಾಪುರದಲ್ಲಿ ಒಂದಿದೆ ಎಂದು ಉತ್ತರ ಬಂದಿತ್ತು.

ಗಾಡಿ ಹತ್ತಿಸುವಾಗ ಯಜಮಾನರು, "ಅಲ್ಲಿಗ್ ಹೋದೋರು ಬರಲ್ವಂತೆ ಕಣೋ ಬಾಬಾ" ಎಂದರು. ಅಷ್ಟು ಹೇಳಲು ಮೂರು ಸಲ ಉಸಿರು ಎಳೆದುಕೊಂಡರು.

"ನೀವ್ ಬರ್ದೆ ಇರ್ತೀರಾ? ಬುಧವಾರ ಅಷ್ಟೊಂದು ಕೆಟ್ಟ ಗೂಡು ಬೆರೆಸಿ ಕೊಟ್ಟಿದೀರ. ವಾಪಸ್ ಬರ್ಲೇಬೇಕು, ನಾನು ಜಗಳ ಆಡ್ಬೇಕು" ಎಂದರು ಬಾಬಾಜಾನ್. ಯಜಮಾನರ ಮುಖದಲ್ಲಿ ನಗುವಿನಂಥದ್ದೊಂದು ಬಂದದ್ದನ್ನು ನೋಡಿದೆ.

ಮೂರೂವರೆಗೆ ಅವರನ್ನು ಒಳಗೆ ಕರೆದುಕೊಂಡರು. ಇನ್ನು ಎರಡು ಗಂಟೆ ತಡವಾಗಿದ್ದರೆ ಕಷ್ಟವಿತ್ತು ಎಂದು ಡಾಕ್ಟರಮ್ಮ ಹೇಳಿದರು. ಒಳಗೆ ಬಿಡುತ್ತಿರಲಿಲ್ಲ. ಗೇಟಿನ ಎದುರಿನ ಮರದ ಕೆಳಗೆ ಚೀಲ ಹಾಸಿಕೊಂಡು ಇದ್ದೆ. ಬಾಬಾಜಾನ್ ಎರಡು ದಿನಕ್ಕೊಮ್ಮೆ ಊಟ ಕಟ್ಟಿಸಿ ತರುತ್ತಿದ್ದರು. ಗುರುವಾರ ನರ್ಸಮ್ಮ ಹೊರಗೆ ಬಂದು, "ನಿಮ್ ಯಜಮಾನ್ರು ಇವತ್ತು ಇಡ್ಲಿ ತಿಂದ್ರು" ಎಂದರು. ನೆಲಕ್ಕೆ ಹಣೆ ಹಚ್ಚಿದೆ.

ಆ ಸಂಜೆಯೇ ನಾನು ತಂಗಿಗೆ ಹೇಳಬೇಕಾಗಿತ್ತು. ಹೇಳಲಿಲ್ಲ. ಆಸ್ಪತ್ರೆಗೆ ಬಂದದ್ದನ್ನೂ ಹೇಳಲಿಲ್ಲ, ಅವರು ಚೇತರಿಸಿಕೊಳ್ಳುತ್ತಿರುವುದನ್ನೂ ಹೇಳಲಿಲ್ಲ. ಒಳ್ಳೆಯದಾಗುತ್ತಿರುವಾಗ ಬಾಯಿಬಿಟ್ಟು ಹೇಳಿದರೆ ದೃಷ್ಟಿಯಾಗುತ್ತದೆ, ಮನೆ ಮುಟ್ಟಿದ ಮೇಲೆ ಹೇಳೋಣ ಎಂದು ಮನಸ್ಸಿನಲ್ಲೇ ಕಟ್ಟು ಹಾಕಿಕೊಂಡಿದ್ದೆ. ಅವಳು ಮಾಮೂಲಿನಂತೆ "ಊಟ ಆಯ್ತಾ ಅಕ್ಕ" ಎಂದು ಸಂದೇಶ ಕಳಿಸಿದಳು. ಯಜಮಾನರ ಫೋನು ನನ್ನ ಕೈಯಲ್ಲೇ ಇದ್ದದ್ದರಿಂದ ಅದಕ್ಕೇ ಕಳಿಸಲು ಹೇಳಿದ್ದೆ, ನನ್ನದು ಕೆಟ್ಟಿದೆ ಎಂದು ಸುಳ್ಳು ಹೇಳಿದ್ದೆ. "ಆಯ್ತು" ಎಂದು ಬರೆದೆ. ತನಗೆ ಜ್ವರ ಬಂದು ಮೂರು ದಿನವಾಗಿದೆ ಎಂದು ಅವಳೂ ಬರೆಯಲಿಲ್ಲ. ಅಕ್ಕ ಹೆದರುತ್ತಾಳೆ ಎಂದುಕೊಂಡಿದ್ದಳಂತೆ.

ಭಾನುವಾರ ಬೆಳಿಗ್ಗೆ ಪವಿತ್ರಳ ಕರೆ ಬಂತು.

"ಅಮ್ಮ ಹೋಗ್ಬಿಟ್ರು."

ನಾನು ಏನೋ ಕೂಗಿದೆನಂತೆ. ಅವಳು ನಿಧಾನವಾಗಿ ಹೇಳುತ್ತಾ ಹೋದಳು. "ನಿನ್ನೆ ಮನೆ ಬಾಗಿಲಿಗೆ ಕಾರ್ ತರಿಸಿದ್ದೆ. ಬಾಗಿಲ ಚೌಕಟ್ಟು ಹಿಡ್ಕೊಂಡು ಬರಲ್ಲ ಅಂದ್ರು. ನೀವು ಕಳಿಸಿದ್ದನ್ನ ನನಗೆ ಕೇಳಿಸಿದ್ರು. ನಮ್ಮಕ್ಕ ಸುಮ್ಸುಮ್ನೆ ಹೇಳಲ್ಲ ಅಂದ್ರು." ಇಲ್ಲಿಯದೇನೂ ತಿಳಿಯದ ಅವಳು, "ದೊಡ್ಡಪ್ಪ ಹೆಂಗಿದಾರೆ?" ಎಂದಳು. ಆಸ್ಪತ್ರೆಯಲ್ಲಿದ್ದಾರೆ, ಹುಷಾರಾಗುತ್ತಿದ್ದಾರೆ ಎಂದು ಹೇಳಿದೆ. ಅವಳು ಫೋನು ಇಟ್ಟಳು. ಅಂದಿನಿಂದ ಅವಳು ನನ್ನನ್ನು ದೊಡ್ಡಮ್ಮ ಎಂದು ಕರೆಯಲಿಲ್ಲ. ಹಬ್ಬಕ್ಕೆ ಬಂದರೂ ದೊಡ್ಡಪ್ಪನ ಹತ್ತಿರ ಮಾತಾಡಿ ಹೋಗುತ್ತಿದ್ದಳು.

ಯಜಮಾನರು ಹದಿನೆಂಟನೇ ದಿನ ಮನೆಗೆ ಬಂದರು. ಈಗಲೂ ಹುಳ ಸಾಕುತ್ತಾರೆ, ಅಟ್ಟ ಹತ್ತಿ ಇಳಿದರೆ ಸ್ವಲ್ಪ ಏದುತ್ತಾರೆ. ಗುಡಿ ತೆರೆದ ಮೊದಲ ಶುಕ್ರವಾರ ತಂಬಿಟ್ಟಿನ ದೀಪ ಬೆಳಗಿದೆ. ಹಾಗೆ ಬೆಳಗುವಾಗ ನನಗೆ ಸಂತೋಷವಾಗಲಿಲ್ಲ ಎಂಬುದನ್ನು ಮುಚ್ಚಿಡಲಾರೆ.

ತಾಯಿ ನನಗೆ ಕೊಟ್ಟಳು, ತಂಗಿಗೆ ಏಕೆ ಕೊಡಲಿಲ್ಲ ಎಂದು ಬಹಳ ದಿನ ಕೇಳಿಕೊಂಡೆ. ಈಗ ಕೇಳುವುದಿಲ್ಲ. ನನಗೆ ಬುದ್ಧಿ ಇರುವವರನ್ನು ಕಳಿಸು ಎಂದು ಬೇಡಿದೆ, ಬಾಬಾಜಾನರನ್ನು ಕಳಿಸಿದಳು. ತಂಗಿಗೂ ಆಕೆ ಒಬ್ಬರನ್ನು ಇಟ್ಟಿದ್ದಳು. ಗುರುವಾರ ಸಂಜೆ ಇಡ್ಲಿ ತಿಂದ ಸುದ್ದಿಯನ್ನು ಕೈಯಲ್ಲಿ ಹಿಡಿದುಕೊಂಡಿದ್ದವಳು ನಾನೇ. ತಾಯಿಯ ಕಡೆಯಿಂದ ತಪ್ಪಿಲ್ಲ. ಇದನ್ನು ತಿಳಿದ ಮೇಲೆ ನನ್ನ ನಂಬಿಕೆ ಹೆಚ್ಚಿದೆ, ಭಯವೂ ಹೆಚ್ಚಿದೆ. ಅವತ್ತಿನ ಹನ್ನೊಂದು ಜನರಲ್ಲಿ ಉಳಿದ ಹತ್ತು ಜನರ ಮನೆಗೂ ಹೋಗಿ ನಾನು ಕಳಿಸಿದ್ದು ಸುಳ್ಳು ಎಂದು ಹೇಳಿ ಬಂದಿದ್ದೇನೆ.

ಯಜಮಾನರು ಉಳಿದದ್ದನ್ನು ಬರೆದುಕೊಡಿ, ಭಕ್ತರು ಓದಲಿ ಎಂದು ಪೂಜಾರಪ್ಪನವರು ಈ ವರ್ಷ ಕೇಳಿದರು. ಬರೆದರೆ ತಂಗಿ ಹೋದದ್ದನ್ನೂ ಸೇರಿಸಿ ಎರಡನ್ನೂ ಬರೆಯುತ್ತೇನೆ ಎಂದೆ. ಬರೆದು ಮುಗಿಸಿ ಪವಿತ್ರಳಿಗೆ ಫೋನು ಮಾಡಿದೆ. ಮೊದಲಿನಿಂದ ಇಲ್ಲಿಯವರೆಗೆ ಓದಿದೆ. ಬೇಡ ಎಂದರೆ ಹರಿದು ಹಾಕುತ್ತೇನೆ ಎಂದೆ.

ಅವಳು ಬೇಡ ಎನ್ನಲಿಲ್ಲ. "ಎಲ್ಲರ ಹೆಸರೂ ಇದೆ. ಅಮ್ಮನ ಹೆಸರೇ ಇಲ್ವಲ್ಲ ದೊಡ್ಡಮ್ಮ" ಎಂದಳು.

ಬರೆಯಲು ಕೈ ಬಂದಿರಲಿಲ್ಲ. ಈಗ ಬರೆಯುತ್ತಿದ್ದೇನೆ. ನನ್ನ ತಂಗಿಯ ಹೆಸರು ಸರೋಜಮ್ಮ. ಇದನ್ನು ಓದಿದವರು ತಾಯಿಯ ಮುಂದೆ ನಿಂತಾಗ ಅವಳ ಹೆಸರನ್ನು ಒಂದು ಸಲ ಹೇಳಿ.