ತಮ್ಮನ ಬೊಗಸೆಯ ನೀರು

ನನ್ನ ತಮ್ಮ ಕರಾವಳಿಯ ಮೀನುದೋಣಿಗೆ ಕೂಲಿಗೆ ಹೋದಾಗ ಯಲಬುರ್ಗಾದಲ್ಲಿ ನಕ್ಕವರೇ ಹೆಚ್ಚು. ಎರೆಮಣ್ಣಿನಲ್ಲಿ ಬೆಳೆದವ, ಈಜು ಬಾರದವ. ಆದರೆ ಬಲೆ ಎಳೆಯುವ ಕೆಲಸ ಅವನಿಗೆ ಒಗ್ಗಿತು, ಭಾಳ ಖುಷಿಯಾಗಿದ್ದ. ಒಂದು ದಿನ ಸುದ್ದಿ ಬಂತು: ಸಮುದ್ರದ ಗಡಿ ದಾಟಿ ಬಂದರೆಂದು ಪಕ್ಕದ ರಾಜ್ಯದ ಮೀನುಗಾರರು ಅವನಿದ್ದ ದೋಣಿಯನ್ನು ಹಿಡಿದು, ಆಳುಗಳ ಸಮೇತ ಅಲ್ಲಿನ ಬಂದರಿನಲ್ಲಿ ಇಟ್ಟುಕೊಂಡಿದ್ದಾರೆ. ಅವ್ವ ಅವತ್ತು ಒಲೆ ಹಚ್ಚಲಿಲ್ಲ. ಅಪ್ಪನೂ ನಾನೂ ಬಸ್ಸು ಹತ್ತಿದೆವು.

ಅಲ್ಲಿ ಎರಡೂ ಕಡೆಯ ಮುಖಂಡರನ್ನು ಕೂರಿಸಿ ಒಬ್ಬ ಅಧಿಕಾರಿ ಸಂಧಾನ ನಡೆಸುತ್ತಿದ್ದರು. ನಮ್ಮ ದೋಣಿ ಮಾಲೀಕನದು ಒಂದೇ ಮಾತು: ಎಂಜಿನ್ ಕೆಟ್ಟಿತು, ನೀರಿನ ಸೆಳೆತ ಒಯ್ದಿತು. ನಾನೂ ಅಪ್ಪನೂ ಅದನ್ನು ನಂಬಿದ್ದೆವು. ಆ ಕಡೆಯವರು ನಂಬಲಿಲ್ಲ. ಮಧ್ಯಾಹ್ನದವರೆಗೂ ಅದೇ ಹಾಡು.

ನಮ್ಮೂರಲ್ಲಿ ಹೊಲದ ಬದುವಿನ ಜಗಳಕ್ಕೆ ಅಪ್ಪನೇ ಹಿರಿಯ. ತಕರಾರು ತೆಗೆದವನ ತಲೆಯ ಮೇಲೆ ಅದೇ ಬದುವಿನ ಮಣ್ಣು ಹೊರಿಸಿ ಗಡಿಯ ಗುಂಟ ನಡೆಸುತ್ತಾನೆ; ಅವ ನಡೆದದ್ದೇ ಗಡಿ, ಸುಳ್ಳು ನಡೆದರೆ ಮಣ್ಣು ಸುಮ್ಮನೆ ಬಿಡುವುದಿಲ್ಲ ಎಂಬ ನಂಬಿಕೆ. ಮಣ್ಣು ಹೊತ್ತು ಸುಳ್ಳು ನಡೆದವನನ್ನು ನಾನಂತೂ ನೋಡಿಲ್ಲ. ಆ ಧೈರ್ಯದಲ್ಲೇ ಅಪ್ಪ ಎದ್ದು ನಿಂತ.

“ಇಲ್ಲಿ ಮಣ್ಣಿಲ್ರಿ ಸಾಹೇಬ್ರ. ನನ್ನ ಮಗ ಬೊಗಸಿಯೊಳಗ ನೀರು ಹಿಡದು ಹೇಳಲಿ. ಅವ ಹೇಳಿದ್ದ ಖರೆ ಅಂತ ತಿಳೀರಿ.”

“ಯಪ್ಪಾ, ಇದು ನಮ್ಮೂರ ಕಟ್ಟಿ ಅಲ್ಲ, ಸುಮ್ನ ಕುಂದ್ರು” ಎಂದು ಧೋತರ ಜಗ್ಗಿದೆ. ಯಾರ ಮಾತು ಕೇಳುವ ಮನುಷ್ಯ! ಅಧಿಕಾರಿ ಅದನ್ನು ಆ ಕಡೆಯವರ ಭಾಷೆಯಲ್ಲಿ ಹೇಳಿದರು. ಅವರು ಆಗಲಿ ಎಂದರು.

ತಮ್ಮನನ್ನು ಕರೆತಂದರು. ಬೊಗಸೆ ತುಂಬ ಸಮುದ್ರದ ನೀರು ಹಿಡಿದು ನಿಂತ. ಬೆರಳ ಸಂದಿಯಿಂದ ನೀರು ಸೋರುತ್ತಿತ್ತು. ಮಾಲೀಕನನ್ನು ನೋಡಿದ, ಆಮೇಲೆ ಅಪ್ಪನನ್ನು ನೋಡಿದ.

“ಎಂಜಿನ್ ಕೆಟ್ಟಿರಲಿಲ್ರಿ. ಮೀನು ಆ ಕಡೆ ಭಾಳ ಇದ್ವು. ಗೊತ್ತಿದ್ದ ದಾಟಿದ್ವಿ.”

ಮಾಲೀಕ ಬೈದ ಬೈಗುಳ ಬರೆಯುವಂಥದ್ದಲ್ಲ. ಆಳುಗಳಿಗೆಲ್ಲ ಎಂಜಿನ್ ಕಥೆಯನ್ನು ಬಾಯಿಪಾಠ ಮಾಡಿಸಿದ್ದನಂತೆ. ಆ ಕಡೆಯವರು ಸಂಜೆಗೆ ಆಳುಗಳನ್ನು ಬಿಟ್ಟರು, ದೋಣಿಯನ್ನು ಬಿಡಲಿಲ್ಲ. ತಮ್ಮನಿಗೆ ಆಮೇಲೆ ನಮ್ಮ ಕರಾವಳಿಯಲ್ಲಿ ಯಾವ ದೋಣಿಯವರೂ ಕೆಲಸ ಕೊಡಲಿಲ್ಲ. ಈಗ ಶ್ರೀರಾಮನಗರದಲ್ಲಿ ಭತ್ತದ ಗದ್ದೆಗೆ ಹೋಗುತ್ತಾನೆ. ಸಮುದ್ರದ ಮಾತು ಬಂದರೆ ಎದ್ದು ಹೊರಗೆ ನಡೆಯುತ್ತಾನೆ.

ಹೋದ ಸಲ ಅವನು ಮನೆಗೆ ಬಂದಾಗ ರೇಗಿಯೇಬಿಟ್ಟೆ. “ನೀರು ನಿನಗ ಏನ್ ಮಾಡ್ತಿತ್ತೋ ಖೋಡಿ? ಕೆಟ್ಟಿತ್ತು ಅಂದಿದ್ರ ಮುಗೀತಿತ್ತು.”

“ನೀರಿಗೆ ಯಾರು ಅಂಜಿದ್ರು ಅಕ್ಕಾ? ಅಪ್ಪ ಎದುರಿಗೆ ನಿಂತಿದ್ದ.”

ಅಪ್ಪ ಹೊರಗೆ ಕಟ್ಟೆಯ ಮೇಲೆ ಕೂತು ಕೇಳಿಸಿಕೊಂಡ. ಮೊನ್ನೆ ಊರಲ್ಲಿ ಅಣ್ಣತಮ್ಮಂದಿರಿಬ್ಬರ ಬದುವಿನ ಜಗಳಕ್ಕೆ ಕರೆ ಬಂತು, ಹೋದ. ಅವರಲ್ಲಿ ಚಿಕ್ಕವನು ತಾನಾಗಿಯೇ ಬಾಗಿ ಮಣ್ಣು ಎತ್ತಿಕೊಂಡನಂತೆ. ಅಪ್ಪ ಅವನ ಕೈ ಹಿಡಿದು, “ಬ್ಯಾಡಪಾ, ಕೆಳಗ ಹಾಕು” ಅಂದನಂತೆ.